ಆ ಮೀನಿಗೆ ಹಿಂಡಿ ಸಾಕು, ಹುಲ್ಲು ಹಾಕಿ

ಮಕ್ಕಳ ಹಟಕ್ಕೆ ಮಣಿದು ಗೋಲ್ಡ್‌ಫಿಶ್ ತಂದುಕೊಟ್ಟ ಅಪ್ಪ-ಅಮ್ಮಂದಿರಿಗೆ, ಅಜ್ಜ-ಅಜ್ಜಿಯರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಮನೆಯ ಟಿವಿ ಪಕ್ಕದಲ್ಲೋ ಹಾಲಿನ ಮೂಲೆಯಲ್ಲೋ ಒಂದು ಗಾಜಿನ ತೊಟ್ಟಿ ಇದೆ. ಒಳಗೆ ಎರಡೋ ಮೂರೋ ಕಿತ್ತಳೆ ಬಣ್ಣದ ಮೀನು, ನೀಲಿ ಕಲ್ಲು, ಪ್ಲಾಸ್ಟಿಕ್ಕಿನ ಕೋಟೆ, ಬಾಯಿ ತೆರೆದು ಗುಳ್ಳೆ ಬಿಡುವ ಒಂದು ಚಿಪ್ಪು, ಬಣ್ಣ ಬದಲಿಸುವ ಲೈಟು. ಪಕ್ಕದಲ್ಲೊಂದು ಡಬ್ಬಿ, ಅದರಲ್ಲಿ ಕೆಂಪು-ಹಸಿರು ಕಾಳು. ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಮುಂಚೆ ಮಗು ಒಂದು ಚಿಟಿಕೆ ಉದುರಿಸುತ್ತದೆ. ಅದು ಗೊತ್ತಿಲ್ಲದ ಅಜ್ಜಿ ಪೂಜೆ ಮುಗಿಸಿ ಇನ್ನೊಂದು ಚಿಟಿಕೆ ಹಾಕುತ್ತಾರೆ. ಸಂಜೆ ಆಫೀಸಿನಿಂದ ಬಂದ ನೀವು, ಗಾಜಿಗೆ ಮೂತಿ ಒತ್ತಿ ಬಾಯಿ ಬಡಿಯುತ್ತಿರುವ ಮೀನನ್ನು ನೋಡಿ, ಪಾಪ ಅಂತ ಮತ್ತೊಂದು. ವರ್ಷದ 365 ದಿನವೂ ಅದೇ ಕಾಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನುತ್ತಾರಲ್ಲ, ಇಲ್ಲಿ ಗಾದೆ ಸ್ವಲ್ಪ ತಿರುಗುಮುರುಗಾಗಿದೆ. ಹಿಟ್ಟೇನೋ ಬೇಕಾದಷ್ಟಿದೆ, ಹಿಟ್ಟು ಬಿಟ್ಟು ಬೇರೇನೂ ಇಲ್ಲ.

ನಾನೇನು ಮೀನಿನ ಡಾಕ್ಟರಲ್ಲ. ನಿಮ್ಮ ತಪ್ಪುಗಳನ್ನೆಲ್ಲ ನಿಮಗಿಂತ ಮೊದಲೇ ಮಾಡಿ ಮುಗಿಸಿದ್ದೇನೆ, ಈ ಪತ್ರ ಬರೆಯಲು ನನಗಿರುವ ಅರ್ಹತೆ ಅಷ್ಟೇ. ಮಗಳ ಏಳನೇ ಹುಟ್ಟುಹಬ್ಬಕ್ಕೆ ತಂದ ಮೊದಲ ಜೋಡಿ ಮೂರು ವಾರ ಬದುಕಲಿಲ್ಲ. ಅಂಗಡಿಯವನನ್ನು ಬೈದುಕೊಂಡು ಎರಡನೇ ಜೋಡಿ ತಂದೆವು. ಅದರಲ್ಲೊಂದು ಒರಾಂಡಾ ಎಂಬ ತಳಿಯದು, ಬೆಳ್ಳನೆ ಮೈ, ತಲೆ ಮೇಲೆ ಕೆಂಪು ಟೋಪಿ. ಆ ವರ್ಷದ ದಸರಾ ರಜೆಗೆ ಊರಿಗೆ ಹೊರಟಾಗ ಎದುರುಮನೆ ಆಂಟಿಗೆ ಕೀಲಿಕೈ ಕೊಟ್ಟು, "ಮೀನನ್ನ ಸ್ವಲ್ಪ ನೋಡ್ಕೊಳ್ಳಿ" ಎಂದೆ. ಪಾಪ, ಅವರು ನೋಡಿಕೊಂಡರು. ನಮ್ಮ ಕಡೆ ನೋಡಿಕೊಳ್ಳುವುದೆಂದರೆ ಉಣ್ಣಿಸುವುದು. ಐದನೇ ದಿನ ಬಾಗಿಲು ತೆಗೆದಾಗ ಡಬ್ಬಿ ಅರ್ಧ ಖಾಲಿ, ತೊಟ್ಟಿಯ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗೆ. ಟೋಪಿಯವನು ಹೊಟ್ಟೆ ಮೇಲಾಗಿ ತೇಲುತ್ತಿದ್ದ, ಕಿವಿರು ಮಾತ್ರ ಆಡುತ್ತಿತ್ತು. ಮಗಳು ಅಳಲು ಶುರು ಮಾಡಿದಳು.

ಮಂಗಳೂರಿನಲ್ಲಿ ಮೀನುಗಾರಿಕೆ ಓದಿ ಅಲ್ಲೇ ನೆಲೆನಿಂತ ನನ್ನ ಸೋದರಮಾವನ ಮಗನಿದ್ದಾನೆ, ನನಗೆ ವರಸೆಯಲ್ಲಿ ಭಾವ. ಫೋನ್ ಮಾಡಿದೆ.

"ಏನು ಹಾಕ್ತಿದ್ದೀ ಅದಕ್ಕೆ?"

"ಅದೇ, ಡಬ್ಬಿ ಫುಡ್ಡು."

"ಮತ್ತೆ?"

"ಮತ್ತೇನು? ಅಷ್ಟೇ."

"ಅಲ್ಲ ಮಾರಾಯ, ನಿನ್ನ ಅಜ್ಜನ ಮನೇಲಿ ದನಕ್ಕೆ ಬರೀ ಹಿಂಡಿ ಇಡ್ತಿದ್ರಾ? ಹುಲ್ಲು ಬೇಡ್ವಾ?"

ನಾನು ನಿಮಗೆ ಹೇಳಬೇಕೆಂದಿರುವುದು ಇಷ್ಟೇ. ಡಬ್ಬಿಯ ಕಾಳು ಹಿಂಡಿ, ಬೂಸಾ. ಹುಲ್ಲು ನಿಮ್ಮ ಅಡುಗೆಮನೆಯಲ್ಲಿದೆ, ಸೊಪ್ಪಿನ ಬುಟ್ಟಿಯಲ್ಲಿ.

ಭಾವ ಹೇಳಿದಂತೆ ಮೂರು ದಿನ ಮೀನಿಗೆ ಏನೂ ಹಾಕಲಿಲ್ಲ. ದಿನವೂ ಕಾಲುಭಾಗದಷ್ಟು ನೀರು ತೆಗೆದು, ಕ್ಲೋರಿನ್ ತೆಗೆಯುವ ಹನಿ ಹಾಕಿ ಹದಕ್ಕೆ ಬಂದ ನೀರು ತುಂಬಿದೆವು. ನಾಲ್ಕನೇ ದಿನ ಉಪ್ಪು ಹಾಕದೆ ಬೇಯಿಸಿದ ಒಂದು ಹಸಿ ಬಟಾಣಿ. ಸಿಪ್ಪೆಯನ್ನು ಎರಡು ಬೆರಳಿನಿಂದ ಒತ್ತಿದರೆ ಒಳಗಿನ ಎರಡು ಹೋಳು ಪುಳಕ್ಕೆಂದು ಈಚೆ ಬರುತ್ತವೆ. ಒಂದು ಹೋಳನ್ನು ನಾಲ್ಕು ಚೂರು ಮಾಡಿ ನೀರಿಗೆ ಬಿಟ್ಟೆ. ಅದು ಕಾಳಿನಂತೆ ತೇಲದೆ ನಿಧಾನ ಮುಳುಗಿತು. ಓರೆಯಾಗಿಯೇ ಇದ್ದ ಟೋಪಿಯವನು ಅದರ ಹಿಂದೆ ತಡವರಿಸಿಕೊಂಡು ಇಳಿದ. ಬಾಯಿಗೆ ಹಾಕಿಕೊಂಡ, ಉಗಿದ, ಮತ್ತೆ ಹಾಕಿಕೊಂಡ. ಗಂಟಲ ಹತ್ತಿರ ಏನೋ ಅರೆದಂತೆ ಕೆನ್ನೆ ಆಡಿತು. ಬಾಯಿಯಿಂದ ಹಸಿರು ಪುಡಿ ಹೊಗೆಯ ಹಾಗೆ ಹೊರಬಂತು, ಅದನ್ನೂ ಬಿಡದೆ ಎಳೆದುಕೊಂಡ. ಮರುದಿನ ತೊಟ್ಟಿಯ ತಳದಲ್ಲಿ ಹಸಿರು ಹಿಕ್ಕೆ. ಒಂದು ಪ್ರಾಣಿಯ ಹಿಕ್ಕೆ ನೋಡಿ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದ್ದು ನಮ್ಮಲ್ಲಿ ಅದೇ ಮೊದಲು. ವಾರದೊಳಗೆ ನೆಟ್ಟಗೆ ಈಜತೊಡಗಿದ.

ಹಾಗಂತ ತೇಲುವ ಮೀನಿಗೆಲ್ಲ ಬಟಾಣಿಯೇ ರಾಮಬಾಣ ಎಂದು ತಿಳಿಯಬೇಡಿ. ಸೋಂಕಿನಿಂದಲೂ ಮೀನು ತಲೆಕೆಳಗಾಗುತ್ತದೆ. ಉಂಡೆಮೈಯ ತಳಿಗಳಲ್ಲಿ ಗಾಳಿಚೀಲವೇ ಹುಟ್ಟಿನಿಂದ ಅಡ್ಡಾದಿಡ್ಡಿಯಾಗಿರುವುದುಂಟು. ಚೆಂದಕ್ಕೆಂದು ಮನುಷ್ಯ ಮೈಯನ್ನು ಕುಗ್ಗಿಸಿದ, ಒಳಗಿನ ಅಂಗಾಂಗಕ್ಕೆ ಜಾಗ ಕಡಿಮೆಯಾಯಿತು. ನಮ್ಮದು ಮಲಬದ್ಧತೆಯ ಕೇಸಾಗಿತ್ತು, ಬಚಾವಾದೆವು.

ಈ ಮೀನಿನ ಹೊಟ್ಟೆಯ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದಕ್ಕೆ ಹೊಟ್ಟೆಯೇ ಇಲ್ಲ. ಆಡುಮಾತಿನ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ನಿಜವಾಗಿಯೂ ಗೋಲ್ಡ್‌ಫಿಶ್‌ಗೆ ಜಠರವಿಲ್ಲ. ನಮಗಿರುವಂಥ, ತಿಂದದ್ದನ್ನು ಕೂಡಿಟ್ಟುಕೊಂಡು ಆಮ್ಲ ಸುರಿದು ಕಲಸುವ ಚೀಲ ಅದಕ್ಕಿಲ್ಲ. ಗಂಟಲು ದಾಟಿದ ಆಹಾರ ನೇರ ಕರುಳಿಗೆ. ಕರುಳು ಮಾತ್ರ ಮೈಯುದ್ದವನ್ನೂ ಮೀರಿಸುವಷ್ಟು ಉದ್ದ, ಸುರುಳಿ ಸುತ್ತಿಕೊಂಡಿರುತ್ತದೆ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ: ಗಬಗಬ ತಿಂದು, ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕಬಹುದು. ಈ ಮೀನಿಗೆ ಉಗ್ರಾಣವೇ ಇಲ್ಲ. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯುತ್ತಿರುವುದೇ ಅದರ ಬದುಕು. ಭಾವ ಕೊಟ್ಟ ದನದ ಹೋಲಿಕೆ ಇಷ್ಟರಮಟ್ಟಿಗೆ ತಪ್ಪು, ಆದರೆ ಪಾಠ ಸರಿ.

ಹಲ್ಲಿನ ಕಥೆಯೂ ಹಾಗೆಯೇ. ಬಾಯಿಯ ಅಂಚಿನಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲೊಳಗೆ. ಬಾಯಿಯ ಮೇಲ್ಭಾಗದಲ್ಲಿ ರುಚಿಮೊಗ್ಗು ತುಂಬಿದ ಮೆತ್ತನೆಯ ದಿಂಬಿನಂಥ ಅಂಗವೊಂದಿದೆ. ತಳದ ಮರಳನ್ನು ಬಾಯ್ತುಂಬ ಎಳೆದುಕೊಂಡು, ತಿನ್ನುವಂಥದ್ದನ್ನು ಅಲ್ಲಿ ಹಿಡಿದಿಟ್ಟು, ಕಲ್ಲನ್ನು ತುಪ್ಪೆಂದು ಉಗಿಯುತ್ತದೆ. ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳಲ್ಲ, ಅದೇ ಕೆಲಸ. ಆಯ್ದದ್ದನ್ನು ಗಂಟಲ ಹಲ್ಲು ಅರೆಯುತ್ತದೆ. ಕೇರುವ ಮೊರ, ಅರೆಯುವ ಹಲ್ಲು, ಉದ್ದನೆಯ ಕರುಳು ಇಷ್ಟನ್ನೂ ಹೊತ್ತು ಬಂದ ಪ್ರಾಣಿಗೆ ನಾವು ಹಾಕುವುದು ಕೇರಬೇಕಿಲ್ಲದ, ಅರೆಯಬೇಕಿಲ್ಲದ, ನೀರಲ್ಲಿ ಉಬ್ಬುವ ಹಿಟ್ಟಿನ ಗುಳಿಗೆ. ಕೆಲಸವಿಲ್ಲದ ಮೀನು ಗಾಜಿಗೆ ಮೂತಿ ತಿಕ್ಕುತ್ತ ನಿಲ್ಲುತ್ತದೆ. ನಮಗೆ ಅದು ಹಸಿವಿನಂತೆ ಕಾಣುತ್ತದೆ, ಇನ್ನೊಂದು ಚಿಟಿಕೆ ಬೀಳುತ್ತದೆ.

ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಪ್ರೋಟೀನು ಜೀರ್ಣವಾದ ಮೇಲೆ ಅಮೋನಿಯಾ ಆಗಿ ಕಿವಿರಿನಿಂದ ನೀರಿಗೆ ಬರುತ್ತದೆ. ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನಲ್ಲಿ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಬೇರೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಕೊನೆಯದು ಅಷ್ಟು ಅಪಾಯವಿಲ್ಲ, ಮೊದಲೆರಡು ವಿಷ. ಫಿಲ್ಟರೇ ಇಲ್ಲದ ಗುಂಡು ಬೌಲಿನಲ್ಲಿ ಈ ಕೆಲಸ ಮಾಡುವವರೇ ಇರುವುದಿಲ್ಲ. ಬೌಲಿನ ಬಗ್ಗೆ ಬರೆಯಲು ಕೂತರೆ ಇನ್ನೊಂದು ಪತ್ರವಾದೀತು. ಒಂದೇ ಮಾತು: ಅದು ಹೂವಿಡುವ ಪಾತ್ರೆ, ಮೀನಿಡುವುದಲ್ಲ. ಎಂಟು ಕೆಂಪು, ಒಂದು ಕಪ್ಪು ಮೀನಿಟ್ಟರೆ ಮನೆಗೆ ಐಶ್ವರ್ಯ ಬರುತ್ತದೆಂದು ಫೆಂಗ್ ಶೂಯಿ ನಂಬಿ ಒಂದೇ ಬೌಲಿಗೆ ಒಂಬತ್ತನ್ನೂ ತುಂಬಿದವರನ್ನು ನೋಡಿದ್ದೇನೆ. ಐಶ್ವರ್ಯವೇನೋ ಬಂದದ್ದು ನಿಜ, ಮೀನಿನಂಗಡಿಗೆ.

ಕೈಬಿಚ್ಚಿ ಉಣ್ಣಿಸುವ ಈ ಅಭ್ಯಾಸ ನಮಗೆಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಎಸೆಯದ ಕನ್ನಡಿಗರು ಕಡಿಮೆ. ಶಿಶಿಲದಲ್ಲಿ ಕಪಿಲೆಯ ಮೀನಿಗೆ, ರಾಮನಾಥಪುರದಲ್ಲಿ ಕಾವೇರಿಯ ಮೀನಿಗೆ ಹೀಗೇ ಹಾಕುತ್ತೇವೆ. ಒಂದು ಹಿಡಿ ಪುರಿ ಬಿದ್ದ ಕ್ಷಣಕ್ಕೆ ನೀರೆಲ್ಲ ಬೆನ್ನುಗಳಾಗಿ ಕುದಿಯುವುದನ್ನು ನೋಡಿದ ಮಗು ಮನೆಗೆ ಬಂದು ತೊಟ್ಟಿಗೂ ಪುರಿ ಹಾಕುತ್ತದೆ. ಆ ದೇವರ ಮೀನು ಮಹಶೀರ್. ಅದೂ ಈ ಗೋಲ್ಡ್‌ಫಿಶ್ಶೂ ಒಂದೇ ಕುಟುಂಬ, ಗೆಂಡೆಯ ವಂಶದವು. ಗಂಟಲಲ್ಲಿ ಹಲ್ಲು, ಹೊಟ್ಟೆಯಲ್ಲಿ ಜಠರವಿಲ್ಲ, ಎಲ್ಲ ಒಂದೇ. ಆದರೆ ತುಂಗೆ ಹರಿಯುತ್ತಾಳೆ. ಅಲ್ಲಿನ ಮೀನಿಗೆ ಪುರಿ ಬರೀ ಪ್ರಸಾದ, ಊಟ ಬಂಡೆ ಮೇಲಿನ ಪಾಚಿಯಲ್ಲಿ, ನೀರಿಗೆ ಬಿದ್ದ ಹಣ್ಣಿನಲ್ಲಿ, ಹುಳುವಿನಲ್ಲಿ, ಬಸವನಹುಳುವಿನಲ್ಲಿದೆ. ನಿಮ್ಮ ತೊಟ್ಟಿಯಲ್ಲಿ ಹರಿಯುವ ನೀರೂ ಇಲ್ಲ, ಪಾಚಿಯೂ ಇಲ್ಲ. ಕೋಟೆಯ ಮೇಲೆ ಬೆಳೆದ ಅಷ್ಟಿಷ್ಟು ಪಾಚಿಯನ್ನೂ ಭಾನುವಾರ ಬ್ರಷ್ ಹಾಕಿ ಉಜ್ಜುತ್ತೀರಿ. ಬಿಡಿ, ಇನ್ನು ಮೇಲೆ ಮುಂದಿನ ಗಾಜನ್ನಷ್ಟೇ ಉಜ್ಜಿ. ಹಿಂದಿನದು ಮೀನಿನ ಹಿತ್ತಲು.

ಇನ್ನೊಂದು ಸೋಜಿಗ ಇದೆ. ಗೋಲ್ಡ್‌ಫಿಶ್ ಕೂಡ ಒಂದು ಕಾಲಕ್ಕೆ ದೇವರ ಮೀನೇ ಆಗಿತ್ತು. ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಮಾಸಲು ಬೂದು-ಹಸಿರು ಬಣ್ಣದ ಗೆಂಡೆಯ ಸಂಬಂಧಿಯೊಂದರಲ್ಲಿ ಆಗೊಮ್ಮೆ ಈಗೊಮ್ಮೆ ಹೊನ್ನಬಣ್ಣದ ಮರಿ ಹುಟ್ಟುತ್ತಿತ್ತು. ಅದನ್ನು ಕೊಂದು ತಿನ್ನಲು ಮನಸ್ಸಾಗದವರು ಪುಣ್ಯಕ್ಕೆಂದು ಬೌದ್ಧ ಮಂದಿರಗಳ ಕೊಳಕ್ಕೆ ಬಿಟ್ಟರು. ಸಾಂಗ್ ದೊರೆಗಳ ಕಾಲಕ್ಕೆ (960–1279) ಅದು ಶ್ರೀಮಂತರ ತೋಟದ ಕೊಳಕ್ಕೆ ಬಂತು, ಆಮೇಲೆ ಮಣ್ಣಿನ ತೊಟ್ಟಿಗೆ, ಅಲ್ಲಿಂದ ಜಪಾನಿಗೆ, ಯುರೋಪಿಗೆ. ನಮ್ಮ ಊರುಗಳ ಅಂಗಡಿಗೆ ಬರುವ ಮೀನಿನಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಕಡೆ ತೊಟ್ಟಿಗಳಲ್ಲಿ ಮರಿ ಮಾಡಿಸಿದ್ದು. ಸಾವಿರ ವರ್ಷದಲ್ಲಿ ಅದರ ಬಾಲ ಎರಡಾಯಿತು, ಕಣ್ಣು ಉಬ್ಬಿತು, ತಲೆಗೆ ಟೋಪಿ ಬಂತು. ಕರುಳು ಮಾತ್ರ ಅದೇ ಕೊಳದ ಮೀನಿನದು.

ಈಗ ಅಡುಗೆಮನೆಗೆ ಬನ್ನಿ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಸಾರಿಗೋ ಪಲ್ಯಕ್ಕೋ ಹೆಚ್ಚುವಾಗ, ಉಪ್ಪು-ಎಣ್ಣೆ-ಒಗ್ಗರಣೆ ಸೋಕುವ ಮೊದಲೇ, ಮೀನಿನ ಪಾಲು ಪಕ್ಕಕ್ಕಿಡಿ. ಪಾಲಕ್, ದಂಟಿನ ಸೊಪ್ಪು, ಕೊತ್ತಂಬರಿಯ ಎಳೆ ಎಲೆ, ಇವನ್ನು ಚೆನ್ನಾಗಿ ತೊಳೆದು, ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದರೆ ಮೆತ್ತಗಾಗುತ್ತದೆ. ಪಾಲಕ್ಕಿನಲ್ಲಿ ಆಕ್ಸಲೇಟ್ ಹೆಚ್ಚು, ಹಾಗಾಗಿ ದಿನವೂ ಅದೇ ಬೇಡ. ಹೀರೆಕಾಯಿ, ಸೋರೆಕಾಯಿ, ಸೀಮೆಬದನೆ, ಸಿಹಿಕುಂಬಳ, ಕ್ಯಾರೆಟ್ ಇವನ್ನು ಬೆರಳಲ್ಲಿ ಒತ್ತಿದರೆ ಮಸಿಯುವಷ್ಟು ಬೇಯಿಸಿ, ಮೀನಿನ ಕಣ್ಣಿಗಿಂತ ದೊಡ್ಡದಾಗದಂತೆ ಚೂರು ಮಾಡಿ. ಸೌತೆಕಾಯಿ ಹಾಕಬಹುದು, ಆದರೆ ಅದರಲ್ಲಿ ಹೆಚ್ಚುಕಡಿಮೆ 95 ಭಾಗ ನೀರೇ. ಮೀನಿಗೆ ನೀರಿನ ಕೊರತೆ ಇಲ್ಲವಷ್ಟೆ. ಅನ್ನ, ಮುದ್ದೆ, ಬ್ರೆಡ್ಡು, ಬಿಸ್ಕತ್ತು, ಪುರಿ ಯಾವುದೂ ಬೇಡ. ಇಡೀ ಎಲೆ ಕೊಡುವುದಾದರೆ ದಂಟಿಗೆ ದಾರ ಕಟ್ಟಿ, ಒಂದು ಚಿಕ್ಕ ಕಲ್ಲು ಬಿಗಿದು ಇಳಿಬಿಡಿ. ಮೊದಲ ದಿನ ಮೀನು ಅದನ್ನು ಹಾವು ಕಂಡಂತೆ ದೂರವಿಡುತ್ತದೆ, ಎರಡನೇ ದಿನ ಮೂಸುತ್ತದೆ. ನಾಲ್ಕನೇ ದಿನ ಇಳಿಬಿಟ್ಟ ಎಲೆಯಲ್ಲಿ ನಾರು ಮಾತ್ರ ಉಳಿದಿರುತ್ತದೆ. ತಿನ್ನದೆ ಬಿಟ್ಟದ್ದನ್ನು ಆಯಾ ದಿನವೇ ತೆಗೆದುಬಿಡಿ. ಹಿಂದಿನ ದಿನದ ಸೊಪ್ಪು ನಿಮಗೂ ಬೇಡ, ಅದಕ್ಕೂ ಬೇಡ.

"ನಮ್ಮ ಮೀನು ಗಿಡವನ್ನೆಲ್ಲ ಹಾಳು ಮಾಡಿತು" ಎಂದು ದೂರುವವರು ಬಹಳ. ಇನ್ನೂರು ರೂಪಾಯಿ ಕೊಟ್ಟು ನೆಟ್ಟ ಗಿಡ ವಾರದಲ್ಲಿ ಕಡ್ಡಿಯಾಯಿತು ಎಂದು ಅಂಗಡಿಯವನ ಮುಂದೆ ಗೋಳಾಡುತ್ತಾರೆ. ಸ್ವಾಮಿ, ಅದು ಹಾಳು ಮಾಡಿದ್ದಲ್ಲ, ಊಟ ಮಾಡಿದ್ದು. ಬಡಿಸಿ ಇಟ್ಟವರು ನೀವೇ. ಅಲಂಕಾರಕ್ಕೇ ಗಿಡ ಬೇಕಿದ್ದರೆ ಅನೂಬಿಯಾಸ್, ಜಾವಾ ಫರ್ನ್ ಥರದ ಗಟ್ಟಿ ಎಲೆಯವನ್ನು ಕಲ್ಲಿಗೆ ಕಟ್ಟಿ ಬಿಡಿ, ಸಾಮಾನ್ಯವಾಗಿ ಅವನ್ನು ಮುಟ್ಟುವುದಿಲ್ಲ. ಮೇವಿಗೆಂದೇ ಬೇರೆ ಬೆಳೆಸಿ. ನಮ್ಮ ತಾರಸಿಯಲ್ಲಿ ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಡಕ್‌ವೀಡ್ ಎಂಬ, ಎಳ್ಳಿಗಿಂತ ತುಸು ದೊಡ್ಡ ಎಲೆಯ ತೇಲುಗಿಡ ಇದೆ. ತೊಟ್ಟಿಯಿಂದ ತೆಗೆದ ಹಳೆ ನೀರೇ ಅದಕ್ಕೆ ಗೊಬ್ಬರ. ವಾರಕ್ಕೊಮ್ಮೆ ಟೀ ಸೋಸುವ ಜರಡಿಯಲ್ಲಿ ಒಂದು ಜರಡಿಯಷ್ಟು ತೆಗೆದು ತೊಟ್ಟಿಗೆ ಹಾಕಿದರೆ, ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಬಟ್ಟ ಬಯಲು. ಹಳ್ಳಿಯಲ್ಲಿ ಗುಂಡಿಗೆ ಟಾರ್ಪಾಲು ಹಾಸಿ ಹಸುವಿಗೆಂದು ಅಜೋಲಾ ಬೆಳೆಯುವ ನೆಂಟರಿದ್ದರೆ ಒಂದು ಬೊಗಸೆ ಕೇಳಿ ತನ್ನಿ. ಕೆಲವು ಮೀನು ಇಷ್ಟಪಟ್ಟು ತಿನ್ನುತ್ತವೆ, ಕೆಲವು ಮೂಸಿ ಬಿಡುತ್ತವೆ. ನಮ್ಮ ಟೋಪಿಯವನು ಎರಡನೇ ಜಾತಿ. ಊರ ಕೆರೆಯಿಂದ ಮಾತ್ರ ಯಾವ ಗಿಡವನ್ನೂ ಕಿತ್ತು ತರಬೇಡಿ. ಒಳಚರಂಡಿಯ ನೀರು ಸೇರುವ ಕೆರೆಯ ಗಿಡದಲ್ಲಿ ಏನೇನಿರುತ್ತದೋ, ಜೊತೆಗೆ ಬರುವ ಪರೋಪಜೀವಿಗಳೆಷ್ಟೋ. ಹಾಗೆಯೇ, ಸಾಕಿ ಬೇಸರವಾದ ಮೀನನ್ನು ಪುಣ್ಯ ಬರಲೆಂದು ಆ ಕೆರೆಗೆ ಬಿಡಲೂ ಬೇಡಿ. ಇದು ನಮ್ಮ ಕೆರೆಯ ಮೀನಲ್ಲ.

ಬಣ್ಣದ ಮಾತು. "ತಂದಾಗ ಕೆಂಡದ ಹಾಗಿತ್ತು, ಈಗ ಮಾಸಿಹೋಗಿದೆ" ಎಂಬುದು ಇನ್ನೊಂದು ದೂರು. ಮೀನು ಆ ಕೆಂಪು-ಹಳದಿಯ ಮೂಲದ್ರವ್ಯವನ್ನು ತಾನೇ ತಯಾರಿಸಿಕೊಳ್ಳಲಾರದು, ತಿನ್ನುವುದರಲ್ಲಿ ಬರಬೇಕು. ಅದೇ ಕ್ಯಾರೊಟಿನಾಯ್ಡ್. ಮುಸುಕಿನ ಜೋಳದ ಹಳದಿಯಲ್ಲಿ, ಸ್ಪಿರುಲಿನಾದಲ್ಲಿ ಜಿಯಾಕ್ಸಾಂಥಿನ್ ಎಂಬುದಿದೆ. ಗೋಲ್ಡ್‌ಫಿಶ್ ಅದನ್ನು ಮೈಯೊಳಗೆ ಕೆಂಪು ಅಸ್ಟಾಕ್ಸಾಂಥಿನ್ ಆಗಿ ಮಾರ್ಪಡಿಸಿಕೊಳ್ಳಬಲ್ಲದು. ಸ್ಪಿರುಲಿನಾ ಎಂದರೆ ದೂರದ್ದೇನೋ ಅಲ್ಲ, ನೀಲಿ-ಹಸಿರು ಪಾಚಿಯ ಜಾತಿ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದನ್ನು ಬೆಳೆಸಿ ಆಹಾರವಾಗಿಸುವ ಬಗ್ಗೆ ದಶಕಗಳ ಹಿಂದೆಯೇ ಕೆಲಸ ಮಾಡಿದೆ. ಔಷಧಿ ಅಂಗಡಿಯಲ್ಲಿ ಸಿಗುವ ಅದರ ಪುಡಿ ವಾರಕ್ಕೊಂದು ಚಿಟಿಕೆ ಸಾಕು. ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ ಇರುವುದರಿಂದ ಇದನ್ನು ಸೊಪ್ಪೆಂದು ಧಾರಾಳವಾಗಿ ಸುರಿಯಬೇಡಿ. ಬಣ್ಣ ಮಾಸಲು ಬೆಳಕಿನ ಕೊರತೆಯೂ ಕಾರಣ. ಕತ್ತಲ ಮೂಲೆಯ ತೊಟ್ಟಿಗೆ ಯಾವ ಪುಡಿಯೂ ಬಣ್ಣ ತರದು.

ಇಷ್ಟು ಓದಿ ಕೆಲವರಿಗೆ ಖುಷಿಯಾಗಿರಬಹುದು: "ನಮ್ಮದು ಸಸ್ಯಾಹಾರಿ ಮನೆ, ಮೀನೂ ಸಸ್ಯಾಹಾರಿಯೇ ಆಗಲಿ." ದಯವಿಟ್ಟು ನಿಮ್ಮ ಮಡಿಯನ್ನು ಅದರ ಮೇಲೆ ಹೇರಬೇಡಿ. ಅದು ಮಿಶ್ರಾಹಾರಿ. ಕೊಳದಲ್ಲಿದ್ದರೆ ಎಲೆಯ ಜೊತೆ ನೀರುಹುಳು, ಸೊಳ್ಳೆಯ ಮರಿ, ಸಣ್ಣ ಸೀಗಡಿ ಎಲ್ಲವನ್ನೂ ತಿನ್ನುತ್ತಿತ್ತು. ಬೆಳೆಯುವ ಮರಿಗಂತೂ ಪ್ರೋಟೀನು ಇನ್ನೂ ಹೆಚ್ಚು ಬೇಕು. ಬರೀ ಸೌತೆಕಾಯಿ, ಬರೀ ಬಟಾಣಿಯ ಮೇಲೆ ಬದುಕಿಸಿದರೆ ಅದೂ ಒಂದು ಬಗೆಯ ಉಪವಾಸವೇ. ಆದ್ದರಿಂದ ಡಬ್ಬಿಯನ್ನು ಎಸೆಯಬೇಡಿ. ದಿನಕ್ಕೊಂದು ಹೊತ್ತು ಕಾಳು, ಇನ್ನೊಂದು ಹೊತ್ತು ಸೊಪ್ಪು-ತರಕಾರಿ, ತೊಟ್ಟಿಯಲ್ಲಿ ಸದಾ ಮೇಯಲು ಒಂದಿಷ್ಟು ಹಸಿರು, ವಾರಕ್ಕೊಮ್ಮೆ ಕೈಯಾರೆ ಹಿಡಿದ ಸೊಳ್ಳೆಮರಿಯೋ ಶೀತಲೀಕರಿಸಿದ ಹುಳುವೋ. ಚರಂಡಿಯಿಂದ ತಂದು ಮಾರುವ ಜೀವಂತ ಟ್ಯೂಬಿಫೆಕ್ಸ್ ಹುಳು ಬೇಡ, ರೋಗ ಹೊತ್ತು ಬರುತ್ತದೆ. ಕಾಳು ಕೊಳ್ಳುವಾಗ ಮುಳುಗುವಂಥದ್ದನ್ನು ಕೇಳಿ. ತೇಲುವುದಾದರೆ ಒಂದು ಚಮಚ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಾಕಿ. ಮೂಟೆಯಿಂದ ತೆಗೆದು ತಾರೀಖಿಲ್ಲದ ಪೊಟ್ಟಣದಲ್ಲಿ ಕೊಡುವುದು ಅಗ್ಗ ನಿಜ, ಆದರೆ ಗಾಳಿಗೆ ತೆರೆದಿಟ್ಟ ಆಹಾರದಲ್ಲಿ ಮೊದಲು ನಾಶವಾಗುವುದೇ ವಿಟಮಿನ್ ಸಿ. ದೊಡ್ಡ ಡಬ್ಬಿ ಲಾಭ ಎಂಬ ನಮ್ಮ ದಿನಸಿ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಎರಡು ಮೀನಿರುವ ಮನೆಗೆ ಚಿಕ್ಕ ಡಬ್ಬಿಯೇ ಬೇಕಾದಷ್ಟಾಯಿತು.

ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಒಂದು ಪಾಕ ಆಗುತ್ತದೆ. ಒಂದು ಹಿಡಿ ಬೇಯಿಸಿದ ಬಟಾಣಿ (ಸಿಪ್ಪೆ ಸುಲಿಯುವ ಕೆಲಸ ಮೊದಲು ಮಗಳದಾಗಿತ್ತು), ನಾಲ್ಕೈದು ದಂಟಿನ ಎಲೆ, ಬೆಂದ ಸಿಹಿಕುಂಬಳದ ಒಂದು ಹೋಳು, ನೆನೆಸಿದ ಕಾಳು ಎರಡು ಚಮಚ, ಸ್ಪಿರುಲಿನಾ ಒಂದು ಚಿಟಿಕೆ. ಎಲ್ಲ ಮಿಕ್ಸಿಗೆ. ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ನೀರಿಗೆ ಚೈನಾ ಗ್ರಾಸ್ ಹಾಕಿ, ಪೂರ್ತಿ ಕರಗುವ ತನಕ ಕುದಿಸಬೇಕು. ಇಳಿಸಿ, ಕೈ ತಡೆಯುವಷ್ಟು ಬಿಸಿಯಿರುವಾಗ ರುಬ್ಬಿದ್ದನ್ನು ಬೆರೆಸಿ ತಟ್ಟೆಗೆ ಸುರಿದರೆ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಜೆಲಟಿನ್ನೂ ಆಗುತ್ತದೆ, ಆದರೆ ಅದು ಪ್ರಾಣಿಮೂಲದ್ದು. ಅಲ್ಲದೆ ನಮ್ಮ ಬೇಸಿಗೆಯ ನೀರಿಗೆ ಬೇಗ ಮೆತ್ತಗಾಗುತ್ತದೆ, ಚೈನಾ ಗ್ರಾಸ್ ಜಗ್ಗುವುದಿಲ್ಲ. ಚಾಕುವಿನಲ್ಲಿ ಗೆರೆ ಎಳೆದು ತುಂಡು ಮಾಡಿ, ಆಯಾ ವಾರದ್ದನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡುತ್ತೇವೆ. ಒಮ್ಮೆ ತಟ್ಟೆ ಊಟದ ಮೇಜಿನ ಮೇಲೆ ಆರಲು ಇಟ್ಟಿದ್ದಾಗ ಬಂದ ನಮ್ಮ ಚಿಕ್ಕಪ್ಪ, "ಓ, ಹಸಿರು ಹಾಲುಬಾಯಿ!" ಎಂದು ಒಂದು ತುಂಡು ಬಾಯಿಗೆ ಹಾಕಿಕೊಂಡೇಬಿಟ್ಟರು. ಒಂದು ಕ್ಷಣ ಸುಮ್ಮನಿದ್ದು, "ಸಕ್ಕರೆ ಮರೆತಿದ್ದೀರಮ್ಮಾ" ಎಂದರು. ಈ ತನಕ ಅವರಿಗೆ ಸತ್ಯ ಹೇಳಿಲ್ಲ. ಈ ಪತ್ರ ಓದಿದರೆ ತಿಳಿಯುತ್ತದೆ. ಚಿಕ್ಕಪ್ಪಾ, ಅದರಲ್ಲಿ ನಿಮಗೆ ಕೆಡುಕಾಗುವಂಥದ್ದೇನೂ ಇರಲಿಲ್ಲ.

ಎಷ್ಟು ಹಾಕಬೇಕು? ಕಾಳಾದರೆ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಬಾಯಿ ಬಡಿಯುವುದನ್ನು ನಂಬಬೇಡಿ. ಗೋಲ್ಡ್‌ಫಿಶ್‌ಗೆ ಮೂರು ಸೆಕೆಂಡಿನ ನೆನಪು ಎಂಬುದು ಬುರುಡೆ. ಊಟ ಕೊಡುವವರು ಯಾರು, ಯಾವ ಹೊತ್ತಿಗೆ, ತೊಟ್ಟಿಯ ಯಾವ ಮೂಲೆಯಲ್ಲಿ ಎಂಬುದನ್ನು ಕಲಿತು ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ನಿಮ್ಮನ್ನು ಕಂಡು ಅದು ಕುಣಿಯುವುದು ಕಲಿತ ವಿದ್ಯೆಯಿಂದ, ಹಸಿವಿನಿಂದಲೇ ಅಂತಲ್ಲ. ವಾರಕ್ಕೊಂದು ದಿನ ಏನೂ ಹಾಕಬೇಡಿ. ನಮ್ಮಲ್ಲಿ ಅದಕ್ಕೆ ಮೀನಿನ ಏಕಾದಶಿ ಎಂದೇ ಹೆಸರು, ಅಜ್ಜಿ ಒಪ್ಪಿದ್ದು ಆ ಹೆಸರಿನಿಂದಾಗಿಯೇ. ಡಿಸೆಂಬರ್-ಜನವರಿಯ ಚಳಿಯಲ್ಲಿ ತಣ್ಣಗಾದ ನೀರಿನಲ್ಲಿ ಮೀನಿನ ಜೀರ್ಣಶಕ್ತಿಯೂ ನಿಧಾನವಾಗುತ್ತದೆ, ಅದರ ಮೈಬಿಸಿ ನೀರಿನ ಬಿಸಿಯೇ ಆದ್ದರಿಂದ. ಆಗ ಕಾಳು ಇನ್ನೂ ಕಡಿಮೆ ಮಾಡಿ. ನಾಲ್ಕೈದು ದಿನ ಊರಿಗೆ ಹೋಗುವುದಾದರೆ ಆರೋಗ್ಯವಂತ ದೊಡ್ಡ ಮೀನಿಗೆ ಏನೂ ಹಾಕದೆ ಬೀಗ ಹಾಕಿಕೊಂಡು ಹೋಗಿ. ತೊಟ್ಟಿಯಲ್ಲಿ ಸೊಪ್ಪುಗಿಡವಿದ್ದರೆ ಮೀನು ನಿಮ್ಮನ್ನು ನೆನೆಸಿಕೊಳ್ಳುವುದೂ ಇಲ್ಲ. ಕೀಲಿಕೈಯನ್ನು ಎದುರುಮನೆಗೆ ಕೊಡುವುದೇ ಆದರೆ ಡಬ್ಬಿಯನ್ನು ಬೀರುವಿನಲ್ಲಿ ಬಚ್ಚಿಟ್ಟು ಕೊಡಿ.

ಮನೆಗೆ ಬಂದ ಮೀನು ವರ್ಷ ತುಂಬುವ ಮೊದಲೇ ಸತ್ತರೆ "ಅದರ ಆಯಸ್ಸೇ ಅಷ್ಟು" ಎಂದು ಮಗುವಿಗೆ ಸಮಾಧಾನ ಹೇಳುತ್ತೇವೆ. ನಾನೂ ಹೇಳಿದ್ದೆ, ಮೊದಲ ಜೋಡಿ ಹೋದಾಗ. ಅದು ಸುಳ್ಳು. ಸರಿಯಾಗಿ ಸಾಕಿದರೆ ಗೋಲ್ಡ್‌ಫಿಶ್ ಹತ್ತು-ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಹುಡುಗನೊಬ್ಬ ಜಾತ್ರೆಯ ಆಟದಲ್ಲಿ ಗೆದ್ದು ತಂದ ಟಿಶ್ ಎಂಬ ಮೀನು ಉತ್ತರ ಯಾರ್ಕ್‌ಷೈರಿನ ಥರ್ಸ್ಕ್ ಎಂಬ ಊರಿನ ಬಳಿ 1999ರ ತನಕ, 43 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿತು. ಜಾತ್ರೆಯಲ್ಲಿ ಪುಕ್ಕಟೆ ಸಿಕ್ಕ ಮೀನು ಅದು.

ನಮ್ಮ ಟೋಪಿಯವನಿಗೆ ಈಗ ಆರು ವರ್ಷ. ಮಗಳು ಹೈಸ್ಕೂಲಿಗೆ ಬಂದಿದ್ದಾಳೆ, ಬಟಾಣಿ ಸುಲಿಯುವ ಕೆಲಸ ನನಗೆ ಬಂದಿದೆ. ನಾಳೆ ಸೊಪ್ಪು ಬಿಡಿಸುವಾಗ ನೀವೂ ಎರಡು ಎಲೆ ಪಕ್ಕಕ್ಕಿಡಿ.

ಇಂತಿ,
ನಿಮ್ಮಂತೆಯೇ ಹಟಕ್ಕೆ ಮಣಿದ ಒಬ್ಬ ಅಪ್ಪ
ಮೈಸೂರು